ಕಬ್ಬಿಣರಾಯನ ಮನಸ್ಸು

ಆಗಿನ್ನೂ ಮಕ್ಕಳ ಕೈಗೆ ಮೊಬೈಲು ಬಂದಿರಲಿಲ್ಲ. ಉಪ್ಪಾರಹಳ್ಳಿಯ ನಮ್ಮ ಬೀದಿಯಲ್ಲಿ ಸಂಜೆಯಾದರೆ ಕುಂಟೆಬಿಲ್ಲೆ. ಏಳನೇ ಕ್ಲಾಸು ಮುಗಿದ ಬೇಸಿಗೆ ರಜೆಯಲ್ಲಿ ಮಾತ್ರ ನಾನೂ ಎದುರುಮನೆ ನಸ್ರೀನೂ ಆಟ ಬಿಟ್ಟು, ಅವರ ಜಗಲಿಯಲ್ಲಿ ಕೂತು ಕಥೆ ಬರೆದೆವು. ಅವಳ ಅಮ್ಮ ಕೊಟ್ಟ ಶ್ಯಾವಿಗೆ ಪಾಯಸದ ಕಲೆ ಹಾಳೆಹಾಳೆಗೂ ಇರುತ್ತಿತ್ತು.

ಒಂದು ದಿನ ಅವಳು, ಒಂದು ದಿನ ನಾನು. ನಮ್ಮ ಹೀರೋ ಕಬ್ಬಿಣರಾಯ ಅನ್ನೋ ರೋಬೋಟು. ದೇವರಾಯನದುರ್ಗದ ಬೆಟ್ಟದಿಂದ ಉರುಳಿ ಅವನ ಮೈಯೆಲ್ಲ ನುಜ್ಜುಗುಜ್ಜಾಗಿತ್ತು. ವಿಜ್ಞಾನಿಗಳು ಮನಸ್ಸನ್ನಷ್ಟೇ ಬಿಡಿಸಿ ಉಪ್ಪಿನಕಾಯಿ ಜಾಡಿಯಲ್ಲಿ ಕಾಪಾಡಿದ್ದರು. ಹೊಸ ಮೈ ಸಿಗುವ ತನಕ ಅವನು ಜಾಡಿಯೊಳಗಿಂದಲೇ ಮಾತಾಡಬೇಕು.

ಆ ಮಾತುಗಳನ್ನು ನಸ್ರೀನ್ ಒಬ್ಬಳೇ ಬರೆಯುತ್ತಿದ್ದಳು. ನೋಟ್‌ಬುಕ್ಕಿನ ಕೊನೆಯ ಹಾಳೆಗಳು ಅದಕ್ಕೇ ಮೀಸಲು. 'ನಿಂತ ಗಡಿಯಾರಕ್ಕೆ ಬಡೀಬಾರ್ದು, ಕಿವಿ ಕೊಡಬೇಕು.' 'ಅಮೃತೂರಲ್ಲಿ ಎಳನೀರು ಕದಿಯಕ್ಕೋಗಿ ಮರದ ಮೇಲೇ ಸಿಕ್ಕಾಕ್ಕೊಂಡೆ.'

"ರೋಬೋಟ್‌ಗೆ ಎಳನೀರು ಯಾಕೇ?" ಎಂದು ನಕ್ಕೆ.

"ಇರ್ಲಿ ಬಿಡೇ. ಈ ಹಾಳೇಲಿ ಮಾತ್ರ ನೀನು ಬರೀಬೇಡ."

ಆ 'ಬೇಡ' ನನಗೆ ಹಿಡಿಸಲಿಲ್ಲ. ಕಥೆ ಇಬ್ಬರದೂ ಅಲ್ಲವೇ? ಒಂದು ಭಾನುವಾರ ನೋಟ್‌ಬುಕ್ಕು ನನ್ನ ಬಳಿ ಇತ್ತು. ಅಮ್ಮ ತಲೆಗೆ ಎಣ್ಣೆ ಹಚ್ಚಿ ಸ್ನಾನಕ್ಕೆ ಕಳಿಸಿದಾಗ, ಆ ಹಾಳೆಗಳನ್ನು ಕಿತ್ತು ಬಚ್ಚಲೊಲೆಗೆ ತುರುಕಿದೆ. 'ಜಾಡಿ ಒಡೆಯಿತು, ಮನಸ್ಸು ಹೋಯಿತು' ಎಂದು ಬರೆದು ಸೋಮವಾರ ವಾಪಸು ಕೊಟ್ಟೆ.

ನಸ್ರೀನ್ ನೋಟ್‌ಬುಕ್ಕನ್ನು ಎರಡು ಸಲ ಮಗುಚಿದಳು. "ಹಾಳೆ ಎಲ್ಲೇ?"

"ಸುಟ್ಟೆ. ಕಥೆ ತಾನೇ? ಇನ್ನೊಂದ್ಸಲ ಬರಿ."

"ಕಥೆ ಅಲ್ಲ ಕಣೇ! ನಮ್ ದಾದಾ ಹೇಳಿದ್ದು. ದಿನಾ ಒಂದೊಂದೇ ಮರೀತಾ ಅವ್ರೆ. ಅದಕ್ಕೇ ಬರ್ಕೊಂಡಿದ್ದೆ."

ಅವಳ ದಾದಾ, ಅಂದರೆ ತಾತ, ವಾಚ್ ರಿಪೇರಿ ಮಾಡುತ್ತಿದ್ದವರು. ಆ ಬೇಸಿಗೆ ಪೂರ್ತಿ ನಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿರುತ್ತಿದ್ದರು. ನಾನು ಅವರನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ಈಗ ತಲೆಯೆತ್ತಿ ನನ್ನನ್ನು ಕೇಳಿದರು, "ಈ ಮಗು ಯಾರಮ್ಮ? ಯಾಕಂಗೆ ಅಳ್ತೈತೆ?"

ಅವರು ಕೈ ತೋರಿಸಿದ್ದು ನಸ್ರೀನಳ ಕಡೆಗೆ.

ಮೂರು ದಿನ ಕೂತು, ಆ ಹಾಳೆಗಳಲ್ಲಿದ್ದದ್ದನ್ನು ನೆನಪಾದಷ್ಟು ಬರೆದುಕೊಟ್ಟೆ. ಅವಳು ಓದಿ ಹಿಂದಿರುಗಿಸಿದಳು. "ದಾದಾ ಹಿಂಗ್ ಮಾತಾಡಲ್ಲ. ಇದು ನಿನ್ ಮಾತು."

ಅವರನ್ನೇ ಕೇಳೋಣವೆಂದು ಇಬ್ಬರೂ ಅವರ ಕಾಲ ಬಳಿ ಕೂತೆವು. ಎಳನೀರಿನ ಕಥೆ ಹೇಳಿ ಎಂದೆ. ಅವರು ನನ್ನ ತಲೆ ಸವರಿ, "ಬಾಯಾರಿಕೆ ಆಗೈತಾ?" ಎಂದರು.

ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು.

ನಸ್ರೀನ್ ಮದುವೆಯಾಗಿ ಕುಣಿಗಲ್‌ಗೆ ಹೋದಳು. ಹಬ್ಬಕ್ಕೆ ಫೋನ್ ಮಾಡುತ್ತಾಳೆ, ಸುಟ್ಟ ಹಾಳೆಗಳ ವಿಷಯ ಎಂದೂ ಎತ್ತಿಲ್ಲ. ಇಂದು ನನ್ನ ಫೋನಿನಲ್ಲಿ ನಮ್ಮಪ್ಪನ ಕೆಮ್ಮು ಕೂಡ ರೆಕಾರ್ಡಾಗಿದೆ. ಅವಳ ದಾದಾನ ದನಿ ಎಲ್ಲೂ ಇಲ್ಲ. ಹೋದ ರಂಜಾನಿನಲ್ಲಿ ಅವಳ ಮಗಳು ಕೇಳಿದಳಂತೆ, ಮುತ್ತಜ್ಜ ಹೇಗೆ ಮಾತಾಡ್ತಿದ್ರು ಅಂತ.

"ಏನ್ ಹೇಳ್ದೆ?" ಎಂದೆ.

"ಒಳ್ಳೆಯವ್ರು ಅಂದೆ ಕಣೇ."