ಎತ್ತಿ, ಒತ್ತಿ

ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಭಟ್ಕಳ ಬಂದರಿನ ಒಂದು ಕೋಲ್ಡ್ ಸ್ಟೋರೇಜಿನ ಬಾಗಿಲು ನಮ್ಮ ಹಿಂದೆ ಮುಚ್ಚಿಕೊಂಡಿತು. ಮೊಬೈಲ್ ನೋಡಿದ್ದು ನೆನಪಿದೆ. ಸಮಯ ಕಂಡಿತು, ಸಿಗ್ನಲ್ ಇರಲಿಲ್ಲ. ಅಷ್ಟರಲ್ಲೇ ಚಾರ್ಜು ಮುಗಿದು ಅದೂ ಆರಿತು.

ನಾನು ಕನ್ನಡ ಅಕ್ಷರಗಳ ವಿನ್ಯಾಸ ಮಾಡುವವಳು. ಹೊನ್ನಾವರದ ಮನೆಯಲ್ಲೇ ಕೂತು ಫಾಂಟು ರಚಿಸುತ್ತೇನೆ. ಮೀನಿನ ಪೆಟ್ಟಿಗೆಗಳಿಗೆ ಲೇಬಲ್ ಮಾಡುವ ಕೆಲಸ ಸಿಕ್ಕಿತ್ತು. ಒದ್ದೆ ರಟ್ಟಿನ ಮೇಲೆ ಶಾಯಿ ಹೇಗೆ ಹರಡುತ್ತದೆಂದು ನೋಡಲು ಅಲ್ಲಿಗೆ ಹೋಗಿದ್ದೆ. ಮೀನು ತುಂಬುವ ಒಬ್ಬ ಅಕ್ಕ ನನ್ನನ್ನು ಒಳಗೆ ಕರೆದೊಯ್ದಳು. ಒಳಹೋಗುವವರು ಬಾಗಿಲಿಗೆ ಖಾಲಿ ಕ್ರೇಟು ಅಡ್ಡ ಇಡುವುದು ಅಲ್ಲಿನ ರೂಢಿ. ಅವಳೂ ಇಟ್ಟಿದ್ದಳು. ಹೊರಗೆ ಯಾರಿಗೋ ಕ್ರೇಟು ಬೇಕಾಯಿತು. ಅದನ್ನು ಎಳೆದುಕೊಂಡರು, ಹೋಗುವಾಗ ದೀಪವನ್ನೂ ಆರಿಸಿದರು.

ಕ್ರೇಟನ್ನೇ ನಂಬಿದ್ದ ಅಲ್ಲಿನ ಕೆಲಸದವರಲ್ಲಿ ಯಾರೂ ಬಾಗಿಲ ಒಳಬದಿಯ ಕಬ್ಬಿಣದ ಹಿಡಿಯನ್ನು ಮುಟ್ಟಿದವರಲ್ಲ. ಅದರ ಮೇಲೊಂದು ರೇಡಿಯಂ ಸ್ಟಿಕ್ಕರ್ ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತಿತ್ತು.

"ಎಂತ ಬರ್ದಿದ್ರು ಅದ್ರಲ್ಲಿ? ನಂಗೆ ಸಮಾ ಕಾಣ್ತಿಲ್ಲ, ಓದು ತಂಗಿ."

"ಒತ್ತಿ ಅಂತ ಇದೆ ಅಕ್ಕ."

"ಹಂಗಾರೆ ಒತ್ತು ಮಾರಾಯ್ತಿ, ಮುಖ ಎಂತಕ್ಕೆ ನೋಡ್ತೆ?"

ಒತ್ತಿದೆವು. ಹಿಡಿಯ ಮೇಲೆ ಇಬ್ಬರ ಭಾರವನ್ನೂ ಹಾಕಿ ಕೆಳಕ್ಕೆ ಒತ್ತಿದೆವು. ಬಾಗಿಲು ಅಲ್ಲಾಡಲಿಲ್ಲ. "ಬಂಗಡೆ ಸಂಗ್ತಿಗೆ ನಮ್ಮನ್ನೂ ತುಂಬಿ ಕೇರಳಕ್ಕೆ ಕಳಸ್ತ್ರು ಕಾಣು" ಎಂದು ಅಕ್ಕ ನಕ್ಕಳು. ಆಮೇಲೆ ಅವಳ ನಗು ನಿಂತಿತು. ಕೂಗಿದೆವು. ದಪ್ಪ ಬಾಗಿಲು ನಮ್ಮ ದನಿಯನ್ನು ನಮಗೇ ಹಿಂದಿರುಗಿಸಿತು. "ಇನ್ನೊಂದ್ ಸಲ ಸಮಾ ಓದು" ಎಂದಳು. ಮತ್ತೆ ಓದಿದೆ, ಮತ್ತೆ ಒತ್ತಿದೆವು. ಚಳಿಗೆ ಬೆರಳುಗಳು ನನ್ನವಲ್ಲ ಅನ್ನಿಸತೊಡಗಿತ್ತು.

ಕೊನೆಗೆ ಲಾರಿಯ ಚಾಲಕ ಮಾಲು ತುಂಬಲು ಬಂದು ಹೊರಗಿನಿಂದ ತೆರೆದ. ಬಿಸಿಲು ಬಿದ್ದ ಮೇಲೆ ಆ ಸ್ಟಿಕ್ಕರಿಗೆ ಕಣ್ಣು ತಾಗಿಸಿ ನೋಡಿದೆ. ಅದು 'ಎತ್ತಿ'. ನಾವು ಒತ್ತಿದಷ್ಟೂ ಚಿಲಕ ಗೂಡಿನೊಳಕ್ಕೆ ಇನ್ನಷ್ಟು ಇಳಿದಿತ್ತು.

ದೊಡ್ಡ ಬ್ಯಾನರಿಗೆಂದು ಮಾಡಿದ ದಪ್ಪ ಅಕ್ಷರವನ್ನು ಯಾರೋ ಬೆರಳುದ್ದಕ್ಕೆ ಕುಗ್ಗಿಸಿದ್ದರು. ಕುಗ್ಗಿಸಿದರೆ ಒಳಗಿನ ಖಾಲಿ ಜಾಗ ಮೊದಲು ಸಾಯುತ್ತದೆ. ಎ ಎಂಬುದರ ಒಳತಿರುವು ಕಟ್ಟಿಕೊಂಡು ಬರೀ ದುಂಡು ಉಳಿದು ಒ ಆಗಿ ಕಂಡಿತ್ತು.

ಆ ರಾತ್ರಿಯಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಹಸಿರು ಅಕ್ಷರ. ಮಲಗುವ ಕೋಣೆಯ ಬಾಗಿಲು ಹಾಕಲು ಮನೆಯವರಿಗೆ ಬಿಡುತ್ತಿರಲಿಲ್ಲ. ಈಗಲೂ ಬ್ಯಾಂಕಿನ ಗಾಜಿನ ಬಾಗಿಲಲ್ಲಿ 'ತಳ್ಳಿ' ಎಂಬುದನ್ನು ಎರಡೆರಡು ಸಲ ಓದುತ್ತೇನೆ.

ಅಕ್ಕನ ಕಷ್ಟ ಇನ್ನೂ ದೊಡ್ಡದು. ಕ್ರೇಟಿನ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು, ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದಳು. ಒಳಗೆ ಹೋಗದಿದ್ದರೆ ಬೇರೆ ಕೆಲಸ ನೋಡಿಕೋ ಎಂದಿದ್ದ ಮಾಲೀಕ. ಅವಳು ಫೋನ್ ಮಾಡಿದಳು: "ಆ ಹಾಳು ಅಕ್ಷರ ಒಂದ್ ಸರಿ ಮಾಡ್ಕೊಡು ತಂಗಿ. ಓದೂಕೆ ಬತ್ತದೆ ಅಂತ ಗೊತ್ತಾರೆ ಮಾತ್ರ ನಾ ಒಳಗೆ ಹೋಗೂದು."

ಆ ಅಳತೆಗೆಂದೇ ಅಕ್ಷರಗಳನ್ನು ಹೊಸದಾಗಿ ಬರೆದೆ. ಒಳಜಾಗ ಅಗಲಿಸಿದೆ, ತಕಾರದ ಒತ್ತನ್ನು ಹಿಗ್ಗಿಸಿ ಕೆಳಗೆ ಸರಿಸಿದೆ, ಅಕ್ಷರಗಳ ನಡುವೆ ಉಸಿರಾಡಲು ಬಿಟ್ಟೆ. ಕುಮಟಾದ ಸ್ಟಿಕ್ಕರ್ ಅಂಗಡಿಯಲ್ಲಿ ಮಾದರಿ ಮಾಡಿಸಿದೆ. ಕಾಗದದ ಮೇಲೆ ಚೆನ್ನಾಗಿದ್ದದ್ದು ರೇಡಿಯಮ್ಮಿನಲ್ಲಿ ಕೆಟ್ಟಿತು. ಕತ್ತಲಲ್ಲಿ ಬೆಳಗುವ ಗೆರೆ ತನ್ನ ದಪ್ಪಕ್ಕಿಂತ ದಪ್ಪಗೆ ಕಾಣುತ್ತದೆ. ಗೆರೆ ತೆಳ್ಳಗೆ ಮಾಡಿ ಮತ್ತೆ ಹೋದೆ, ಮತ್ತೂ ಹೋದೆ. ಬಾಣದ ಗುರುತು ಹಾಕಿದರೆ ಸಾಲದೇ ಎಂದ ಅಂಗಡಿಯವ. ಅದನ್ನೂ ಹಾಕಿಸಿದೆ. ಆದರೆ ಅಕ್ಷರವನ್ನು ಬಿಟ್ಟುಕೊಡುವುದು ನನ್ನಿಂದಾಗಲಿಲ್ಲ.

ಒಂದು ಬುಧವಾರ ಭಟ್ಕಳಕ್ಕೆ ಹೋದೆ. ಅಕ್ಷರವನ್ನಷ್ಟೇ ಪರೀಕ್ಷಿಸಲು ಬಾಣವಿಲ್ಲದ ಸ್ಟಿಕ್ಕರ್ ತುಂಡುಗಳಲ್ಲಿ 'ಎತ್ತಿ', 'ಒತ್ತಿ' ಎರಡನ್ನೂ ಒಯ್ದಿದ್ದೆ. ಪಕ್ಕದ ಕೋಣೆಯ ದೀಪ ಆರಿಸಿ, ಒಳಗಿನಂತೆ ತೇವವಾಗಲೆಂದು ಮಂಜುಗಡ್ಡೆಗೆ ಉಜ್ಜಿ, ಒಂದೊಂದನ್ನೇ ಅಕ್ಕನ ಮುಂದೆ ಹಿಡಿದೆ.

"ಎತ್ತಿ. ಒತ್ತಿ. ಇದೂ ಒತ್ತಿ. ಪರೀಕ್ಷೆ ಬರೆಸ್ತ್ಯ ಈ ವಯಸ್ಸಲ್ಲಿ?" ಎಂದಳು ಅಕ್ಕ. ಒಂದೂ ತಪ್ಪಲಿಲ್ಲ.

ಬಾಣವಿದ್ದ 'ಎತ್ತಿ' ಸ್ಟಿಕ್ಕರನ್ನು ಹಿಡಿಯ ಮೇಲೆ ಅಂಟಿಸಿದೆ. ಅವಳು ಚಾಲಕನನ್ನು ಹೊರಗೆ ನಿಲ್ಲಿಸಿ, ಕ್ರೇಟು ತೆಗೆ ಎಂದಳು. ಬಾಗಿಲು ಮುಚ್ಚಿತು. ಒಳಗೆ ನಾವಿಬ್ಬರೇ. ಅವಳು ಅಕ್ಷರದ ಹತ್ತಿರ ಹೋಗಿ, ಗಟ್ಟಿಯಾಗಿ ಓದಿ, ಎತ್ತಿದಳು. ಬೆಳಕು ಒಳಗೆ ಬಂತು.

"ಆತು. ನೀ ಹೋಗು ಇನ್ನು, ನಂಗೆ ರಾಶಿ ಮೀನು ತುಂಬೂದದೆ."

ಗುರುವಾರ ಬೆಳಿಗ್ಗೆ ಮೀನು ಮಾರುವವನ ಹಾರ್ನ್ ಕೇಳಿ ಎದ್ದೆ. ಬಿಸಿಲು ಹಾಸಿಗೆಯವರೆಗೂ ಬಂದಿತ್ತು. ನಡುವೆ ಒಮ್ಮೆಯೂ ಎಚ್ಚರವಾಗಿರಲಿಲ್ಲ.