ಮಾಂತ್ರಿಕನಿಗೆ ಬಡಿಸಿದ ಕಡುಬು

ಕಾದಂಬರಿ ಹೆಚ್ಚೋ ಸಿನಿಮಾ ಹೆಚ್ಚೋ ಎಂಬ ಜಗಳದಿಂದ ನಮ್ಮ ಮನೆಯಲ್ಲಿ ಕೆಲವು ದಿನ ಮೊಸರೇ ಇರಲಿಲ್ಲ ಎಂದರೆ ನೀವು ನಗುತ್ತೀರಿ. ನಗಿ. ಆಗ ನನಗೆ ನಗು ಬಂದಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟ. ಒಣಗಿದ ಕಾಫಿಯಲ್ಲಿ ಕಲ್ಲುಕಡ್ಡಿ ಆರಿಸಲು ಕೆಲಸದ ಹೆಂಗಸರೂ ಅಕ್ಕಪಕ್ಕದವರೂ ಜಗಲಿಯಲ್ಲಿ ಕೂತರೆ, ನನ್ನ ಅತ್ತೆ ಒಂದು ಹಳೆಯ ಮಾಯಾಲೋಕದ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಸೆರೆಯಾದ ರಾಜಕುಮಾರಿ, ಹಾರುವ ಕುದುರೆ, ಏಳು ಕೋಟೆಯೊಳಗಿನ ಮಾಂತ್ರಿಕ. ಪ್ರತಿ ವರ್ಷವೂ ಅದೇ. ಸುತ್ತಮುತ್ತ ಇದ್ದದ್ದು ಅದೊಂದೇ ಪ್ರತಿ. ನಾವೆಲ್ಲ ಅದನ್ನು ಕಿವಿಯಲ್ಲಿ ಓದಿದವರು.

ಕೊನೆಯ ಅಧ್ಯಾಯಕ್ಕೆ ಎಲ್ಲರ ಕೈಯೂ ನಿಲ್ಲುತ್ತಿತ್ತು. ಸೋತು ಹಸಿದು ಕೂತ ಮಾಂತ್ರಿಕನ ಮೇಲೆ ರಾಜಕುಮಾರ ಕತ್ತಿ ಎತ್ತುತ್ತಾನೆ. ರಾಜಕುಮಾರಿ ಅವನನ್ನು ತಡೆದು, ಎಲೆ ಹಾಕಿ, ಬಿಸಿ ಕಡುಬು ಬಡಿಸುತ್ತಾಳೆ. ಮೊದಲ ತುತ್ತಿಗೇ ಮಾಂತ್ರಿಕನಿಗೆ ತಾಯಿಯ ನೆನಪಾಗಿ ಅಳು. ನಮಗೂ ಅಳು. ಏಳು ಸಮುದ್ರದಾಚೆಯ ಅರಮನೆಯಲ್ಲಿ ನಮ್ಮ ಅಕ್ಕಿ ಕಡುಬು ಹೇಗೆ ಬೆಂದಿತೆಂದು ಒಬ್ಬರೂ ಕೇಳಲಿಲ್ಲ. ಬಿ.ಎ. ಓದಿದ ನಾನೂ ಕೇಳಲಿಲ್ಲ.

ಅದು ಸಿನಿಮಾ ಆಗಿ ಮೂಡಿಗೆರೆಗೆ ಬಂತು. ಜೀಪು ಮಾಡಿಕೊಂಡು ಹೋದೆವು. ಕತ್ತಿ ಎದ್ದಿತು, ಇಳಿದೇಬಿಟ್ಟಿತು. ತಲೆ ಉರುಳಿ ‘ಶುಭಂ’ ಬಂತು.

“ಕಡುಬೆಲ್ಲಿ?” ಎಂದರು ಅತ್ತೆ, ಕತ್ತಲಲ್ಲೇ, ಇಡೀ ಟಾಕೀಸಿಗೆ ಕೇಳುವಂತೆ.

ವಾಪಸು ಬರುವಾಗ ಜೀಪಿನ ತುಂಬ ಶೋಕ. ಪಕ್ಕದ ಮನೆಯ ಸರೋಜಕ್ಕ ಮಾತ್ರ, “ನಂಗಂತೂ ಸಿನಿಮಾನೇ ಚಂದ ಆಯ್ತು. ಅಷ್ಟು ಜನರನ್ನ ಕೊಂದವನಿಗೆ ಕಡುಬೊಂದು ಕೇಡು!” ಎಂದುಬಿಟ್ಟಳು.

“ಕಥೆ ಅಂದ್ರೆ ಎಂತದು ಅಂತ ಗೊತ್ತಿದ್ರಲ್ವನೇ ನಿಂಗೆ,” ಎಂದರು ಅತ್ತೆ.

ಅಲ್ಲಿಗೆ ಎರಡು ಮನೆಗಳ ಮಾತು ನಿಂತಿತು. ಮಾತಿಗಿಂತ ಮುಖ್ಯವಾಗಿ ಹೆಪ್ಪು ನಿಂತಿತು. ನಮ್ಮ ಚಳಿಗೆ ಒಂದು ಮನೆಯ ಮೊಸರು ಕೆಟ್ಟರೆ ಇನ್ನೊಂದು ಮನೆಯ ಹೆಪ್ಪೇ ಗತಿ. ನಮ್ಮದು ಆ ವಾರವೇ ಕೆಟ್ಟಿತು. ಯಕ್ಷಗಾನದಲ್ಲಿ ಒಂದೇ ಪ್ರಸಂಗದ ರಾಕ್ಷಸ ಮೇಳಕ್ಕೊಂದು ರೀತಿ ಮಾತಾಡಿದರೂ ತಲೆದೂಗುವ ನಾವು, ಸಿನಿಮಾದವರಿಗೆ ಮಾತ್ರ ಆ ರಿಯಾಯಿತಿ ಕೊಡದೆ ಮಜ್ಜಿಗೆಯಿಲ್ಲದ ಊಟ ಮಾಡಿದೆವು. ನನಗೆ ಮಜ್ಜಿಗೆಗಿಂತಲೂ ಬೇಲಿಯಾಚೆಯ ಸರೋಜಕ್ಕನ ದನಿ ಬೇಕಿತ್ತು.

ಒಂದು ಮಧ್ಯಾಹ್ನ ಅವಳೇ ಬಂದಳು. ಕೈಯಲ್ಲಿ ಚಿಕ್ಕಮಗಳೂರಿನಿಂದ ತಂದ ಅದೇ ಕಾದಂಬರಿಯ ಹೊಸ ಪ್ರತಿ, ಮುಖದಲ್ಲಿ ಗೆದ್ದವಳ ಕಳೆ. “ದೊಡ್ಡಮ್ಮ, ಕೊನೇ ಅಧ್ಯಾಯ ಎಲ್ಲರ ಎದುರಿಗೆ ನೀವೇ ಓದಿ,” ಎಂದಳು.

ಅತ್ತೆ ಕನ್ನಡಕ ಏರಿಸಿ ಓದತೊಡಗಿದರು. ಕತ್ತಿ ಎದ್ದಿತು. ಅತ್ತೆ ಮುಂದಿನ ಸಾಲಿನ ಮೇಲೆ ಬೆರಳಿಟ್ಟು, ಕನ್ನಡಕ ತೆಗೆದು ಒರೆಸಿ ಮತ್ತೆ ಏರಿಸಿದರು. ಪಕ್ಕದಿಂದ ನಾನೂ ಬಗ್ಗಿ ನೋಡಿದೆ. ತಲೆ ಉರುಳಿತ್ತು! ಸಿನಿಮಾದವನು ಅಕ್ಷರ ಬಿಡದೆ ತೆಗೆದಿದ್ದ.

“ಆಗ ರಾಜಕುಮಾರಿ,” ಎಂದು ಅತ್ತೆ ಗಂಟಲು ಸರಿಮಾಡಿಕೊಂಡರು, “ಎಲೆ ಹಾಕಿ, ಬಿಸಿ ಬಿಸಿ ಕಡುಬು ಬಡಿಸಿದಳು.”

ಕಾಫಿ ಆರಿಸುತ್ತಿದ್ದವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸರೋಜಕ್ಕ ಬಾಯಿ ತೆರೆದಳು. ಅಳುತ್ತಿದ್ದವರನ್ನು ನೋಡಿದಳು, ಇನ್ನೂ ಅದೇ ಸಾಲಿನ ಮೇಲಿದ್ದ ಅತ್ತೆಯ ಬೆರಳನ್ನು ನೋಡಿದಳು. ಕೊನೆಗೆ, “ಕಡುಬಿಗೆ ನಂಚಿಕೊಳ್ಳೋಕೆ ಎಂತ ಬಡಿಸಿದ್ಲು, ದೊಡ್ಡಮ್ಮ?” ಎಂದಳು.

“ಮುಂದಿನ ಪುಟದಲ್ಲಿದೆ, ತಡಿ ಮಾರಾಯ್ತಿ,” ಎಂದರು ಅತ್ತೆ, ತಲೆಯೆತ್ತದೆ.

ಸಂಜೆ ಸರೋಜಕ್ಕನ ಮನೆಯಿಂದ ಹೆಪ್ಪು ಬಂತು. ನಾನು ಕದ್ದು ಅತ್ತೆಯ ಹಳೆಯ ಪ್ರತಿಯನ್ನು ತೆರೆದು ನೋಡಿದೆ. ಹಸಿದು ಕೂತ ಮಾಂತ್ರಿಕನ ಮೇಲೆ ಕತ್ತಿ ಏಳುವಲ್ಲಿಗೆ ಹಾಳೆಗಳು ಹರಿದುಹೋಗಿ ಮುಗಿದಿದ್ದವು; ಆಮೇಲೆ ಬರೀ ರಟ್ಟು. ಹಸಿದವನನ್ನು ಹಾಗೇ ಬಿಡಲು ಅತ್ತೆಗೆ ಮನಸ್ಸಾಗಿರಲಿಕ್ಕಿಲ್ಲ.

ಈಗಲೂ ಯಾರಾದರೂ ಸಿನಿಮಾದವರು ಕಾದಂಬರಿ ಕೆಡಿಸಿದರು ಎಂದು ಕೂಗಾಡಿದರೆ ನಾನು ವಾದಕ್ಕಿಳಿಯುವುದಿಲ್ಲ. ನೀವು ಓದಿದ್ದು ಯಾರ ಮನೆಯ ಪ್ರತಿ ಎಂದಷ್ಟೇ ಕೇಳುತ್ತೇನೆ.