ತೆರೆಯದೆ ಅಳಿಸಿದ ಐದು ಪತ್ರ

ನನ್ನ ಮೊಮ್ಮಗಳು ನನಗೆ ಐದು ಪತ್ರ ಬರೆದಳು. ಐದನ್ನೂ ತೆರೆದು ನೋಡದೆ ನಾನೇ ನನ್ನ ಬೆರಳಿನಿಂದ ಅಳಿಸಿದೆ. ಅದನ್ನು ಬರೆಯುವಾಗ ಈಗಲೂ ಎದೆ ತುಂಬಿ ಬರುತ್ತದೆ. ದುಃಖಕ್ಕೋ ಸಂತೋಷಕ್ಕೋ ಎಂದು ಕೇಳಿದರೆ, ಎರಡೂ ಇವೆ, ಸಂತೋಷವೇ ಒಂದು ಗುಲಗಂಜಿ ಹೆಚ್ಚು ತೂಗುತ್ತದೆ.

ನಾನು ಓದಿದ್ದು ನಾಲ್ಕನೇ ಇಯತ್ತೆ, ಗದಗ ಕಡೆಯ ಒಂದು ಹಳ್ಳಿಯಲ್ಲಿ. ಯಜಮಾನರು ಬ್ಯಾಂಕಿನವರು. ವರ್ಗವಾಗಿ ವಿಜಯವಾಡಕ್ಕೆ ಬಂದವರು ನಿವೃತ್ತರಾದ ಮೇಲೂ ಇಲ್ಲಿಯೇ ಉಳಿದೆವು. ಮಗಳು ತೆಲುಗಿನವರ ಹುಡುಗನನ್ನು ಮೆಚ್ಚಿ ಮದುವೆಯಾಗಿ ವಿಶಾಖಪಟ್ಟಣದಲ್ಲಿದ್ದಾಳೆ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಈ ಮೊಮ್ಮಗಳು ಅವಳ ಒಬ್ಬಳೇ ಮಗಳು, ಹನ್ನೊಂದು ವರ್ಷದವಳು. ನಾನು ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ ಕೊಡುತ್ತಾಳೆ. ಕೂಸಿನ ತಪ್ಪಲ್ಲ. ಅವಳ ಪಾಲಿಗೆ ಕನ್ನಡವೆಂದರೆ ಭಾನುವಾರ ಫೋನಿನಲ್ಲಿ ಹತ್ತು ನಿಮಿಷ ಬಂದು ಹೋಗುವ ನೆಂಟರು.

ಯಜಮಾನರು ಕಣ್ಣಿನ ಪೊರೆ ತೆಗೆಸಿಕೊಂಡಾಗ ಕೆಲವು ವಾರ ಮೊಬೈಲು ನೋಡಬಾರದೆಂದು ಡಾಕ್ಟರು ಹೇಳಿದರು. ಮನೆಗೆಲ್ಲ ಇರುವುದು ಒಂದೇ ಮೇಲ್ ವಿಳಾಸ, ಅದನ್ನು ನೋಡುವ ಕೆಲಸ ನನಗೆ ಬಂತು. ಇಂಗ್ಲಿಷ್ ಅಕ್ಷರಗಳನ್ನು ನಾನು ಬಸ್ಸಿನ ಬೋರ್ಡು ನೋಡಿ ಕಲಿತವಳು. ಊಟವಾದ ಮೇಲೆ ಒಂದೊಂದೇ ಅಕ್ಷರ ಹೇಳುತ್ತಿದ್ದೆ, ಕಪ್ಪು ಕನ್ನಡಕ ಹಾಕಿಕೊಂಡು ಕುಳಿತ ಅವರು ಕೂಡಿಸಿ ಓದುತ್ತಿದ್ದರು. ಇದನ್ನು ಮೊಮ್ಮಗಳಿಗೆ ಫೋನಿನಲ್ಲಿ ಹೇಳಿ ಜಂಬವನ್ನೂ ಕೊಚ್ಚಿದ್ದೆ.

ಎಂಥೆಂಥ ಮೇಲ್‌ಗಳು ಬರುತ್ತಿದ್ದವು. ನಿಮ್ಮ ಖಾತೆ ಇವತ್ತೇ ಬಂದಾಗುತ್ತದೆ ಎನ್ನುವುದು ಒಂದು, ನಿಮ್ಮ ಪಾರ್ಸಲ್ ತಡೆದಿದ್ದೇವೆ ಎನ್ನುವುದು ಇನ್ನೊಂದು. ಒಂದು ದಿನ ಯಾವುದೋ ಪರದೇಶದ ವಿಧವೆ ತನ್ನ ಆಸ್ತಿಯನ್ನೆಲ್ಲ ನಮಗೇ ಬರೆದುಕೊಡುತ್ತೇನೆ ಎಂದಿದ್ದಳು.

“ಪಾಪ, ಆಕಿಗೆ ತನ್ನೋರು ಅನ್ನೋರು ಯಾರೂ ಇಲ್ಲೇನ್ರೀ?”

“ಆಕಿನs ಇಲ್ಲ. ಅಳಸು.”

ಬ್ಯಾಂಕಿನಲ್ಲಿ ಕೂತು ಬೆಳೆದ ಅನುಮಾನ ಅವರದು. ಗೊತ್ತಿಲ್ಲದವರದು ಬಂದರೆ ತೆರೆಯಬಾರದು, ಪಿನ್ನಿನ ಚಿತ್ರವಿದ್ದರೆ ಮುಟ್ಟಲೇಬಾರದು, ಅದರೊಳಗೆ ಏನೋ ಕಟ್ಟಿ ಕಳಿಸಿರುತ್ತಾರೆ ಎಂದು ಕಲಿಸಿದ್ದರು.

ಆ ದಿನಗಳಲ್ಲಿ ಸೈಟು ಮಾರುವವನೊಬ್ಬ ಬಿಡದೆ ಕಾಡುತ್ತಿದ್ದ. ತೆಲುಗಿನವರಲ್ಲಿ ಮನೆತನದ ಹೆಸರು ಮೊದಲು, ಕರೆಯುವ ಹೆಸರು ಆಮೇಲೆ. ಅವನ ಮನೆತನದ ಹೆಸರು ಎಷ್ಟು ಉದ್ದವೆಂದರೆ ಮೊಬೈಲಿನ ಸಾಲು ಅದಕ್ಕೇ ತುಂಬಿಹೋಗುತ್ತಿತ್ತು. ನಾನು ನಾಲ್ಕು ಅಕ್ಷರ ಹೇಳುವುದರೊಳಗೆ ಯಜಮಾನರು, “ಮತ್ತ ಬಂದ್ನೇನು ಆ ಸೈಟಿನಾಂವ?” ಎನ್ನುತ್ತಿದ್ದರು.

“ಈ ಸಲ ಮಾತs ಇಲ್ರೀ, ಬರೇ ಪಿನ್ನು ಐತಿ.”

“ಮಾತು ಮುಗದಾವ ಅಂವಂದು. ಅಳಸು.”

ಅಂಥವು ಐದು ಬಂದವು. ಐದನ್ನೂ ಅಳಿಸಿದೆ. ಅಷ್ಟರಲ್ಲಿ ಮೊಮ್ಮಗಳು ಫೋನಿನಲ್ಲಿ ಮಾತು ಕಡಿಮೆ ಮಾಡಿದಳು. ಹೇಗಿದ್ದೀರಿ ಎಂದು ಕೇಳಿ ಫೋನನ್ನು ತಾಯಿಯ ಕೈಗೆ ಕೊಟ್ಟುಬಿಡುತ್ತಿದ್ದಳು. ದೊಡ್ಡವಳಾಗುತ್ತಿದ್ದಾಳೆ, ಇನ್ನು ನಮ್ಮ ನಂಟು ಇಷ್ಟೇ ಎಂದು ಒಳಗೇ ನೊಂದುಕೊಂಡೆ.

ಯಜಮಾನರ ಕಣ್ಣು ಸರಿಯಾದ ಮೇಲೆ ಇಬ್ಬರೂ ರೈಲು ಹತ್ತಿ ವಿಶಾಖಪಟ್ಟಣಕ್ಕೆ ಹೋದೆವು. ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಮಗಳು ದನಿ ತಗ್ಗಿಸಿ ಕೇಳಿದಳು.

“ಅವ್ವಾ, ಕೂಸು ಅಷ್ಟು ಕಷ್ಟಪಟ್ಟು ಬರದಿತ್ತು. ಚಂದ ಐತಿ, ಚಂದಿಲ್ಲ, ಒಂದು ಮಾತರೆ ಹೇಳಬಾರದೇನು?”

“ಏನು ಬರದಿತ್ತು?”

ಆಮೇಲೆ ಎಲ್ಲವೂ ಹೊರಗೆ ಬಂತು. ಹುಡುಗಿಗೆ ತನ್ನದೆಂಬ ಫೋನಿಲ್ಲ, ಶಾಲೆಯವರು ಪಾಠಕ್ಕೆಂದು ಮೇಲ್ ವಿಳಾಸ ಕೊಟ್ಟಿದ್ದಾರೆ. ಅದರಲ್ಲಿ ಅವಳ ಅಪ್ಪನ ಮನೆತನದ ಹೆಸರೇ ಮೊದಲು. ಸೈಟಿನವನದೂ ಅದೇ ಹೆಸರು, ಅದು ಊರಿಗೆ ನೂರು ಮನೆಯವರಿಗೆ ಇರುವಂಥದು; ಅಳಿಯನದೂ ಅದೇ ಎಂಬುದು ನಮಗೆ ಹೊಳೆದೇ ಇರಲಿಲ್ಲ. ತೆಲುಗು ಅಕ್ಷರ ಬಲ್ಲವಳಿಗೆ ಕನ್ನಡ ಅಕ್ಷರವೇನು ದೂರ? ಇವಳು ನೋಟ್‌ಬುಕ್ಕಿನಲ್ಲಿ ಕೈಯಾರೆ ಕನ್ನಡ ಬರೆದು, ತಾಯಿಯ ಫೋನಿನಲ್ಲಿ ಹಾಳೆಯ ಫೋಟೋ ತೆಗೆದು ನನಗೆ ಕಳಿಸಿದ್ದಳು.

ಯಜಮಾನರು ಎದ್ದು ಬಂದು ಮೊಮ್ಮಗಳ ಮುಂದೆ ನಿಂತರು. “ನಿಮ್ಮಜ್ಜಿದು ಬೆರಳಷ್ಟs. ಹುಕುಂ ನಂದು,” ಎಂದರು. ನಮ್ಮ ನಲವತ್ತು ವರ್ಷದ ಸಂಸಾರದಲ್ಲಿ ಅವರು ತಪ್ಪು ಒಪ್ಪಿಕೊಂಡಿದ್ದನ್ನು ನಾನು ಹೆಚ್ಚು ಕೇಳಿಲ್ಲ.

ಹುಡುಗಿ ಅಜ್ಜನ ಕೈಯಿಂದ ಮೊಬೈಲು ತೆಗೆದುಕೊಂಡಳು. ಅಳಿಸಿದ ಮೇಲ್‌ಗಳು ಒಂದು ತಿಂಗಳು ಕಸದ ಡಬ್ಬಿಯಂಥ ಜಾಗದಲ್ಲಿ ಬಿದ್ದಿರುತ್ತವಂತೆ. ನಾಲ್ಕು ಸಿಕ್ಕವು. ಮೊದಲನೆಯದು ತಿಂಗಳು ದಾಟಿ ಹೋಗಿಬಿಟ್ಟಿತ್ತು.

“ಅದರಾಗ ಏನು ಬರದಿದ್ದಿ?” ಎಂದು ಕೇಳಿದೆ.

ಮರೆತೆ ಎಂದು ತೆಲುಗಿನಲ್ಲಿ ಹೇಳಿದಳು. ಮರೆತಿಲ್ಲವೆಂದು ಮುಖವೇ ಹೇಳುತ್ತಿತ್ತು.

ಸಂಜೆ ಟೆರೇಸಿನಲ್ಲಿ ಅವಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದೆ. ಮುಖ ಕಾಣದಿದ್ದರೆ ಮಕ್ಕಳು ಮಾತಾಡುತ್ತಾರೆ. ಒಂದು ಜಡೆ ಹೆಣೆದು ಮುಗಿಯುವಾಗ ಅವಳೇ ಶುರು ಮಾಡಿದಳು. ಕನ್ನಡ ಸಿಗದ ಕಡೆ ತೆಲುಗು ಸೇರಿಸಿಕೊಂಡು, ತಡೆತಡೆದು ಹೇಳಿದಳು.

“ಮೊದಲನೇದ್ರಾಗ ಒಂದs ಸಾಲು ಇತ್ತು. ನಾ ಬರದ ಕನ್ನಡ ನಿನಗ ಓದಾಕ ಬರ್ತದೇನು ಅಂತ. ನೀ ಏನೂ ಹೇಳ್ಲಿಲ್ಲ. ಮತ್ತ ದೊಡ್ಡ ದೊಡ್ಡ ಅಕ್ಷರದಾಗ ಬರದೆ. ಆಗ್ಲೂ ಹೇಳ್ಲಿಲ್ಲ. ನಿನಗ ಓದಾಕs ಬರಂಗಿಲ್ಲ ಅಂದ್ಕೊಂಡೆ.”

“ಫೋನಿನ್ಯಾಗ ಕೇಳಬಾರದಿತ್ತೇನವ್ವಾ?”

“ಕೇಳಿದ್ರ ನಿನಗ ಸಿಗ್ಗು ಆಗ್ತದ ಕದಾ.”

ಸಿಗ್ಗೆಂದರೆ ನಾಚಿಕೆ. ಬಾಚಣಿಗೆ ಹಿಡಿದ ಕೈ ನಿಂತಿತು. ಇಷ್ಟು ದಿನ ಮಾತು ಕಡಿಮೆ ಮಾಡಿದ್ದು ಸಿಟ್ಟಿನಿಂದಲ್ಲ, ನನ್ನ ಮಾನ ಕಾಯಲು. ಹನ್ನೊಂದು ವರ್ಷದ ಜೀವ, ಅಜ್ಜಿಯ ಕೊರತೆ ಬೇರೆಯವರಿಗೆ ತಿಳಿಯದಿರಲೆಂದು ತನ್ನ ಆಸೆಯನ್ನು ಬಾಯಲ್ಲೇ ಹಿಡಿದಿತ್ತು. ನಾನು ಏನು ಪುಣ್ಯ ಮಾಡಿದ್ದೆನೋ. ಕಣ್ಣೊರೆಸಿಕೊಂಡು ಮೊಬೈಲು ತಾ ಎಂದೆ.

ಉಳಿದ ನಾಲ್ಕು ಪತ್ರಗಳನ್ನು ಅಲ್ಲಿಯೇ ಕೂತು ಗಟ್ಟಿಯಾಗಿ ಓದಿದೆ. ಕನ್ನಡದ ಅಕ್ಷರಗಳ ಮೇಲೆ ತೆಲುಗಿನ ತಲೆಕಟ್ಟು. ಬಂದರಿನ ಹೊರಗೆ ಹಡಗುಗಳು ಸರದಿಗಾಗಿ ಕಾಯುತ್ತ ನಿಂತಿವೆ, ಅಪ್ಪ ಅನಕಾಪಲ್ಲಿಯಿಂದ ತಂದ ಬೆಲ್ಲಕ್ಕೆ ಇರುವೆ ಮುತ್ತಿವೆ, ತೆಲುಗಿನಲ್ಲಿ ಎರಡೇ ಅಕ್ಷರದ ಇರುವೆಗೆ ಕನ್ನಡದಲ್ಲಿ ಮೂರೇಕೆ ಎಂದೆಲ್ಲ ಬರೆದಿದ್ದಳು. ಕೊನೆಯ ಪತ್ರದ ಒಂದು ಸಾಲಿನಲ್ಲಿ ನನ್ನ ಬೆರಳು ನಿಂತಿತು, ಒತ್ತಕ್ಷರ ತಿಳಿಯಲಿಲ್ಲ. ಅವಳು ನಡುವೆ ಬಾಯಿ ಹಾಕಿ ಹೇಳಿಕೊಡಲಿಲ್ಲ. ಅರ್ಧ ಬಾಚಿದ ತಲೆಯಲ್ಲಿ ಕಾದಳು. ನಾನೇ ಕೂಡಿಸಿ ಓದಿದೆ.